ಭುಜ ಮೊದಲು, ಹಿಮ್ಮಡಿ ಆಮೇಲೆ

ಮಾರ್ಚ್ ೪

ಅಮ್ಮಾ,

ನಾವಿಬ್ಬರೂ ಫೋನಿನಲ್ಲಿ ಮಾತಾಡಿದರೆ ಮೂರನೇ ನಿಮಿಷಕ್ಕೆ ಜಗಳ, ನಾಲ್ಕನೇ ನಿಮಿಷಕ್ಕೆ ಅಪ್ಪ ಬಂದು ಫೋನ್ ಕಿತ್ತುಕೊಳ್ಳುವುದು. ಮುಖ್ಯವಾದದ್ದನ್ನೆಲ್ಲ ಕಾಗದದಲ್ಲೇ ಬರೆಯೋಣ, ಕಾಗದಕ್ಕಾದರೆ ಮಧ್ಯೆ ಬಾಯಿ ಹಾಕಲು ಬರುವುದಿಲ್ಲ ಎಂದು ಎರಡು ವರ್ಷದ ಹಿಂದೆ ನಾವೇ ಒಪ್ಪಂದ ಮಾಡಿಕೊಂಡೆವಲ್ಲ, ಇವತ್ತು ಅಂಥ ಮುಖ್ಯವಾದದ್ದು ಇದೆ. ಯೋಗಕ್ಷೇಮದ ಸಾಲುಗಳನ್ನು ಹಾರಿಸಿಬಿಡುತ್ತೇನೆ, ನನಗೆ ತಡೆಯಲಾಗುತ್ತಿಲ್ಲ.

ಹಾಳೆ ಗಟ್ಟಿಯಾಯಿತು!

ಸರಿ, ಮೊದಲಿಂದ ಹೇಳುತ್ತೇನೆ. ಒಂದೂವರೆ ವರ್ಷದಿಂದ ಈ ಪ್ರಯೋಗಾಲಯದಲ್ಲಿ ನಾನು ಗುದ್ದಾಡುತ್ತಿರುವುದು ರಬ್ಬರಿನಂಥ ಪ್ಲಾಸ್ಟಿಕ್ಕಿನ ಒಂದು ಹಾಳೆಯ ಜೊತೆ. ಬೆರಳಿನಷ್ಟು ದಪ್ಪ. ಅದರ ತುಂಬ ಉಗುರಿನಗಲದ ಚೌಕಗಳು. ಒಂದು ಚೌಕದ ಮೂಲೆ ಇನ್ನೊಂದರ ಮೂಲೆಗೆ ಸಣ್ಣ ಕತ್ತಿನಿಂದ ಅಂಟಿಕೊಂಡಿದೆ, ಉಳಿದದ್ದೆಲ್ಲ ಖಾಲಿ ಸಂದು. ಸುಮ್ಮನೆ ಹಿಡಿದರೆ ಒದ್ದೆ ಟವೆಲ್ಲಿನ ಹಾಗೆ ಜೋತುಬೀಳುತ್ತದೆ. ಒಳಗೆ ಪೋಣಿಸಿದ ದಾರವನ್ನು ಎಳೆದರೆ ಚೌಕಗಳೆಲ್ಲ ಒಟ್ಟಿಗೆ ತಿರುಗಿ, ಸಂದು ಮುಚ್ಚಿಕೊಂಡು, ಪಕ್ಕಕ್ಕೆ ಪಕ್ಕ ಒತ್ತಿ ನಿಲ್ಲುತ್ತವೆ. ಆಗ ಅದೇ ಹಾಳೆ ಹಲಗೆ. ಅರ್ಧ ಎಳೆದರೆ ಅರ್ಧ ಗಟ್ಟಿ. ವಸ್ತು ಅದೇ, ಒಂದು ಗ್ರಾಂ ಹೆಚ್ಚಿಲ್ಲ, ಕಡಿಮೆಯಿಲ್ಲ. ತೂತುಗಳ ಜೋಡಣೆ ಬದಲಾದರೆ ಗುಣವೇ ಬದಲು. ಇವತ್ತು ಅಳೆದಾಗ ಮೆತ್ತಗಿದ್ದುದು ನಲವತ್ತೊಂದು ಪಟ್ಟು ಗಟ್ಟಿಯಾಗಿತ್ತು. ನಲವತ್ತೊಂದು, ಅಮ್ಮ!

ನಮ್ಮಲ್ಲಿ ಲೆಕ್ಕದವನೊಬ್ಬ ಇದ್ದಾನೆ. ನಾವು ಮಾಡುವುದನ್ನೆಲ್ಲ ಕಂಪ್ಯೂಟರಿನಲ್ಲಿ ಮೊದಲೇ ಮುರಿದು ನೋಡುವುದು ಅವನ ಕೆಲಸ. ಹಾಗಾಗಿ ಅವನಿಗೆ ‘ಅಪಶಕುನ’ ಎಂದೇ ಹೆಸರು. “ಇಷ್ಟಕ್ಕೇ ಕುಣೀಬೇಡ, ಇನ್ನೂ ಮುರಿಯೋದು ಬಾಕಿ ಇದೆ” ಅಂದ. ನಾನು ಕುಣಿದೆ. ಎಡಗಾಲಿಗೆ ನೀನು ಮಾಡಿಕೊಟ್ಟ ಉಕ್ಕಿನ ಕ್ಯಾಲಿಪರ್ ಟಣಟಣ ಅನ್ನುತ್ತಿತ್ತು, ಕೆಳಗಿನ ಮಹಡಿಯವರು ಬಂದು ಏನಾಯಿತು ಎಂದು ಕೇಳಿ ಹೋದರು.

ಇದು ಯಾವುದಕ್ಕೆ ಎಂದು ನಿನಗೆ ಈಗಾಗಲೇ ಗೊತ್ತಾಗಿರುತ್ತದೆ. ಮಂಡಿಗೆ. ನಿಂತಾಗ ಗಟ್ಟಿ, ಕೂತಾಗ ಮೆತ್ತಗೆ, ಮೆಟ್ಟಿಲಿಳಿಯುವಾಗ ನಡುವೆ ಎಲ್ಲೋ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಮೊದಲು ಹಾಕಿಕೊಳ್ಳುವವಳು ನಾನೇ ಎಂದು ಎಲ್ಲರಿಗೂ ಹೇಳಿಬಿಟ್ಟಿದ್ದೇನೆ. ಒಂದು ತುಂಡು ಇದರ ಜೊತೆ ಕಳಿಸಿದ್ದೇನೆ, ಎಳೆದು ನೋಡು.

ಕಾಲು ನೆಲದ ಮೇಲೆ ನಿಲ್ಲದ,
ನಿನ್ನ ಗಿರಗಿಟ್ಲೆ


ಮಾರ್ಚ್ ೧೫

ಗಿರಗಿಟ್ಲೆ,

ನಿನ್ನ ತೂತಿನ ಹಾಳೆ ಬಂತು. ನಿನ್ನಪ್ಪ ನನಗಿಂತ ಮೊದಲು ಪೊಟ್ಟಣ ಬಿಚ್ಚಿ, ಕುರ್ಚಿಯ ಮೇಲೆ ಹಾಸಿಕೊಂಡು, ಅದರ ಮೇಲೆ ಕೂತು ದಾರ ಎಳೆದರು. ಹಾ ಎಂದು ಎದ್ದು ನಿಂತರು. “ಇದನ್ನ ಸೋಫಾಗೆ ಹಾಕ್ಸೋಣ ಕಣೇ. ನೆಂಟರು ಏಳೋ ಲಕ್ಷಣ ಕಾಣ್ಲಿಲ್ಲ ಅಂದ್ರೆ ಮೆಲ್ಲಗೆ ದಾರ ಎಳೆದರಾಯ್ತು” ಅಂದರು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ, ಇವರಿಗೆ ಹೆಗ್ಗಣ ಮಾಡಿದ ತೂತೂ ಮುದ್ದು.

ಆಮೇಲೆ ಅದು ನನ್ನ ಕೈಗೆ ಬಂತು. ಮೂವತ್ತೆರಡು ವರ್ಷದಿಂದ ನಾನು ಈ ಅಂಗಡಿಯಲ್ಲಿ ಕ್ಯಾಲಿಪರ್ ಮಾಡುತ್ತಿದ್ದೇನೆ: ಎರಡು ಉಕ್ಕಿನ ಕಡ್ಡಿ, ನಾಲ್ಕು ತೊಗಲಿನ ಪಟ್ಟಿ, ಮಂಡಿಯ ಪಕ್ಕದಲ್ಲಿ ಒಂದು ಬೀಗ. ಬೀಗ ಹಾಕಿದರೆ ಕಾಲು ಕಂಬ. ತೆಗೆದರೆ ಮಡಚುತ್ತದೆ. ನಡುವೆ ಏನೂ ಇಲ್ಲ. ಬಂದವರೆಲ್ಲ ಕೇಳುವುದು ಆ ನಡುವಿನದನ್ನೇ, ನಾನು ಇಲ್ಲ ಎನ್ನುತ್ತಲೇ ಬಂದಿದ್ದೇನೆ. ಇವತ್ತು ಮಧ್ಯಾಹ್ನ ಪೂರ್ತಿ ನಿನ್ನ ಹಾಳೆಯನ್ನು ಎಳೆದೆ, ಬಿಟ್ಟೆ, ಎಳೆದೆ. ಶೂ ಅಟ್ಟೆ ಏರಿಸಿಕೊಳ್ಳಲು ಬಂದಿದ್ದ ಮೇಷ್ಟ್ರು ಅರ್ಧ ಗಂಟೆ ಬರಿಗಾಲಿನಲ್ಲಿ ಕೂತಿದ್ದರು. ನನಗೆ ಸಂತೋಷವಾಯಿತು. ಬರೆದು ಹೇಳುತ್ತಿದ್ದೇನೆ, ಇಟ್ಟುಕೋ.

ಒಂದು ಬುದ್ಧಿಮಾತು. ಸೀಳು ಮುಗಿಯುವ ಕಡೆ ಚೂಪಾಗಿ ಬಿಡಬೇಡ. ತೊಗಲು ಹರಿಯುವುದು ಅಲ್ಲಿಂದಲೇ. ಸಣ್ಣ ದುಂಡು ತೂತು ಹೊಡೆದು ನಿಲ್ಲಿಸು.

ಇನ್ನೊಂದು ಬುದ್ಧಿಮಾತಲ್ಲ, ಅಪ್ಪಣೆ. ನೀನು ಹಾಕಿಕೊಳ್ಳುವುದು ಬೇಡ. ಅಷ್ಟು ದೊಡ್ಡ ಕಟ್ಟಡದಲ್ಲಿ ಬೇರೆ ಕಾಲುಗಳಿಲ್ಲವೇ? ನಿನ್ನ ಗದ್ದದ ಮೇಲಿನ ಗುರುತು ನಿನಗೆ ಮರೆತಿರಬಹುದು, ನನಗೆ ಮರೆತಿಲ್ಲ.

ಅಮ್ಮ


ಏಪ್ರಿಲ್ ೯

ಅಮ್ಮಾ,

ದುಂಡು ತೂತು ನಮ್ಮಲ್ಲಿ ಮೊದಲ ವರ್ಷದ ಪಾಠ. ಮೊದಲೇ ಮಾಡಿದ್ದೇವೆ. ಆದರೂ ಗೋಡೆಗೆ ಬರೆದು ಹಚ್ಚಿದ್ದೇನೆ, ‘ಅಮ್ಮ ಹೇಳಿದ್ದಾರೆ’ ಎಂದು ಕೆಳಗೆ ಸೇರಿಸಿ.

ಅಪಶಕುನ ನುಡಿದದ್ದು ನಿಜವಾಯಿತು. ಹಾಳೆಯನ್ನು ಯಂತ್ರಕ್ಕೆ ಸಿಕ್ಕಿಸಿ ಬಗ್ಗಿಸುತ್ತ ಹೋದೆವು. ಮೂರು ಸಾವಿರದ ನೂರ ಹನ್ನೆರಡನೇ ಸಲಕ್ಕೆ ಪಟ್ ಎಂದಿತು. ಮೂರು ಸಾವಿರ ಹೆಜ್ಜೆ ಎಂದರೆ ಏನು ಹೇಳು, ಬೆಳಗ್ಗೆ ಮನೆ ಬಿಟ್ಟವಳು ಮಧ್ಯಾಹ್ನದ ಊಟಕ್ಕೆ ಮೊದಲೇ ಬೀದಿಯಲ್ಲಿ ಕೂರಬೇಕು. ಎರಡು ದಿನ ಹಳೆಯ ಲೆಕ್ಕಗಳನ್ನೇ ತಿರುವಿಹಾಕಿದೆ. ಮೂರನೇ ದಿನ ಮುರಿದ ತುಂಡುಗಳನ್ನು ಕನ್ನಡಕ ತೆಗೆದು ಕಣ್ಣಿಗೆ ಹತ್ತಿರ ಹಿಡಿದೆ. ಕತ್ತುಗಳು ಬಾಗುವಾಗ ಮುರಿದಿರಲಿಲ್ಲ! ಚೌಕಗಳು ಒಂದಕ್ಕೊಂದು ಒತ್ತಿಕೊಂಡ ಮೇಲೆ ನುಣ್ಣಗೆ ಜಾರಿ, ಆ ಜಾರಿಕೆಯನ್ನು ಕತ್ತು ತಡೆಯಲು ಹೋಗಿ ಹರಿದಿತ್ತು. ಪಕ್ಕಗಳನ್ನು ತುಸು ಅಲೆಅಲೆಯಾಗಿ ಮಾಡಿದೆ, ಒಂದರ ಉಬ್ಬು ಇನ್ನೊಂದರ ತಗ್ಗಿಗೆ ಕೂರುವ ಹಾಗೆ. ನಿನ್ನೆ ಎರಡು ಲಕ್ಷ ದಾಟಿತು. ಯಂತ್ರ ಇನ್ನೂ ಬಗ್ಗಿಸುತ್ತಲೇ ಇದೆ, ಅದಕ್ಕೇ ಬೇಸರ ಬಂದಿರಬೇಕು.

ದಿನ ಗೊತ್ತಾಗಿದೆ. ನವೆಂಬರ್ ಇಪ್ಪತ್ತು. ಪರೀಕ್ಷಕರ ಎದುರು, ಪಕ್ಕದ ಕಂಬಿ ಹಿಡಿಯದೆ, ಯಾರ ಕೈಯೂ ತಾಕದೆ ಹನ್ನೊಂದು ಮೆಟ್ಟಿಲು ಇಳಿಯಬೇಕು. ಇಳಿದರೆ ಆಮೇಲೆ ಆರು ಮಕ್ಕಳಿಗೆ ಹಾಕಲು ಅನುಮತಿ. ಇಳಿಯದಿದ್ದರೆ ಇಡೀ ಕೆಲಸ ಕಪಾಟಿಗೆ. ಇಳಿಯುವವಳು ನಾನೇ. ಅಪ್ಪಣೆಯನ್ನು ಓದಿದೆ, ಎರಡು ಸಲ ಓದಿದೆ, ಪಾಲಿಸುವುದಿಲ್ಲ.

ಗಿರಗಿಟ್ಲೆ


ಜೂನ್ ೨೦

ಅಮ್ಮಾ,

ನೀನು ಉತ್ತರ ಬರೆದಿಲ್ಲ. ಮುನಿಸು ಎಂದು ಗೊತ್ತು. ಆದರೂ ಇದನ್ನು ನಿನಗಲ್ಲದೆ ಯಾರಿಗೆ ಹೇಳಲಿ?

ಮೊನ್ನೆ ಹಾಕಿಕೊಂಡೆ. ನಿನ್ನ ಕ್ಯಾಲಿಪರ್ ಬಿಚ್ಚಿ ಬೆಂಚಿನ ಮೇಲೆ ಮಲಗಿಸಿ, ಹಾಳೆಯನ್ನು ತೊಡೆಯಿಂದ ಮೀನಗಂಡದವರೆಗೆ ಸುತ್ತಿಕೊಂಡು, ಮೇಲಿನಿಂದ ಹಗ್ಗ ಕಟ್ಟಿಸಿಕೊಂಡು ನಿಂತೆ. ಅರ್ಧ ಗಟ್ಟಿಗೆ ಇಟ್ಟೆ. ಮಂಡಿ ಬಾಗಿತು, ಅಮ್ಮ. ನನ್ನ ಭಾರ ಅದರ ಮೇಲಿತ್ತು, ಆದರೂ ಮೆಲ್ಲಗೆ, ನಾನು ಹೇಳಿದಷ್ಟೇ ಬಾಗಿತು. ನಾನು ನಗುತ್ತಿದ್ದೆನೋ ಅಳುತ್ತಿದ್ದೆನೋ ಅಪಶಕುನನನ್ನೇ ಕೇಳಬೇಕು, ಅವನು ಚಿತ್ರ ತೆಗೆಯುವುದನ್ನೇ ಮರೆತು ನಿಂತಿದ್ದ.

ನಡೆಯಲು ಹೋದಾಗ ಎಡವಟ್ಟು. ಹಿಮ್ಮಡಿ ನೆಲಕ್ಕೆ ತಾಕಿದೊಡನೆ ಒಂದು ಪುಟ್ಟ ಮೋಟರು ದಾರವನ್ನು ಎಳೆಯಬೇಕು. ಎಳೆಯುತ್ತದೆ, ಆದರೆ ಕಣ್ಣು ಮಿಟುಕಿಸುವಷ್ಟು ತಡವಾಗಿ. ಅಷ್ಟರಲ್ಲಿ ಮಂಡಿ ಕುಸಿದಿರುತ್ತದೆ. ಹದಿನಾಲ್ಕು ಸಲ ಹಗ್ಗದಲ್ಲಿ ಜೋಲಾಡಿದೆ. ಇನ್ನೂ ಚುರುಕಾದ ಮೋಟರು ಹಾಕಿದರೆ ಅದರ ತೂಕಕ್ಕೆ ಕಾಲೇ ಏಳುವುದಿಲ್ಲ. ಹೆಜ್ಜೆ ಬರುವ ಮೊದಲೇ ಅದಕ್ಕೆ ತಿಳಿಯಬೇಕು, ತಿಳಿಸುವುದು ಹೇಗೆ ಎಂದು ಯಾರಿಗೂ ಹೊಳೆಯುತ್ತಿಲ್ಲ. ನವೆಂಬರಿಗೆ ಐದೇ ತಿಂಗಳು.

ಅವರು ನಾನು ನಡೆಯುವುದನ್ನು ನೂರು ಸಲ ಚಿತ್ರ ತೆಗೆದು ನೋಡುತ್ತಾರೆ. ಯಾರಾದರೂ ಹಾಗೆ ನೋಡಿದರೆ ನನಗೆ ಈಗಲೂ ಮೈ ಮುದುಡುತ್ತದೆ. ನೀನು ನೋಡುತ್ತಿದ್ದೆಯಲ್ಲ. ನಾನು ಶಾಲೆಗೆ ಹೊರಟಾಗ ಅಂಗಡಿಯ ಬಾಗಿಲಲ್ಲಿ ನಿಂತು, ಬೀದಿ ತಿರುಗುವವರೆಗೂ. ಮಗಳ ನಡಿಗೆ ನಿನಗೆ ನಾಚಿಕೆ ಎಂದೇ ನಾನು ಅಂದುಕೊಂಡಿದ್ದೆ. ಇಷ್ಟು ವರ್ಷ ಹೇಳಿರಲಿಲ್ಲ, ಈಗ ಹೇಳಿದೆ.

ಗಿರಗಿಟ್ಲೆ


ಜುಲೈ ೨

ಗಿರಗಿಟ್ಲೆ,

ನಾಚಿಕೆಯಂತೆ! ನಿನ್ನ ತಲೆಯಲ್ಲಿ ಇಷ್ಟು ಬುದ್ಧಿ ಇಟ್ಟವರು ಮಧ್ಯೆ ಇಷ್ಟು ಮಣ್ಣು ಯಾಕೆ ಇಟ್ಟರೋ.

ನಾನು ನೋಡುತ್ತಿದ್ದದ್ದು ಇದನ್ನು. ಎಡಗಾಲನ್ನು ನೆಲಕ್ಕೆ ಊರುವ ಮೊದಲು ನಿನ್ನ ಬಲಭುಜ ಎರಡು ಬೆರಳು ಹಿಂದಕ್ಕೆ ಹೋಗುತ್ತದೆ. ಯಾವಾಗಲೂ ಭುಜ ಮೊದಲು, ಹಿಮ್ಮಡಿ ಆಮೇಲೆ. ಐದನೇ ವಯಸ್ಸಿನಿಂದ ಹಾಗೇ. ಅದು ಮೂರು ಬೆರಳಾದ ದಿನ ನಿನಗೆ ಎಲ್ಲೋ ಉಜ್ಜುತ್ತಿದೆ ಎಂದು ತಿಳಿದು, ನೀನು ಬಾಯಿಬಿಡುವ ಮೊದಲೇ ಪಟ್ಟಿ ಬದಲಿಸುತ್ತಿದ್ದೆ. ಭುಜ ಏನೂ ಹೋಗದ ದಿನ ನಿನಗೆ ಶಾಲೆಯಲ್ಲಿ ಯಾರೋ ಏನೋ ಅಂದಿರುತ್ತಿದ್ದರು, ನೀನು ನೆಟ್ಟಗೆ ನಡೆಯಲು ಹೆಣಗುತ್ತಿದ್ದೆ. ಮೋಟರು ಕಿತ್ತು ಬಿಸಾಡು. ಬಲಭುಜದ ಮುಂದೆ ಒಂದು ಪಟ್ಟಿ ಕಟ್ಟಿ, ಎದೆಯ ಮೇಲೆ ಅಡ್ಡವಾಗಿ ಎಡಸೊಂಟಕ್ಕೆ ತಂದು, ಅಲ್ಲಿಂದ ನಿನ್ನ ದಾರಕ್ಕೆ ಸೇರಿಸು. ಭುಜ ಹಿಂದೆ ಹೋದರೆ ಅದೇ ಎಳೆಯುತ್ತದೆ. ಹೆಜ್ಜೆ ಬರುವ ಮೊದಲು ನಿನ್ನ ಮೈಗೆ ಗೊತ್ತಿದೆ, ನಿನಗೇ ಗೊತ್ತಿಲ್ಲ.

ಇನ್ನು ನನ್ನ ಮಾತು. ಇದನ್ನು ಬರೆಯಲಾರದೆಯೇ ಇಷ್ಟು ದಿನ ಉತ್ತರ ಬರೆಯಲಿಲ್ಲ.

ನಿನಗೆ ಒಂಬತ್ತು ತುಂಬಿದಾಗ ಡಾಕ್ಟರು, “ಇನ್ನು ದಿನಾ ಸ್ವಲ್ಪ ಹೊತ್ತು ಬೀಗ ತೆಗೆದು ನಡೆಸಿ. ಬೀಳ್ತಾಳೆ, ಬೀಳ್ಲಿ. ಕಾಲು ಕಲಿಯುತ್ತೆ” ಅಂದಿದ್ದರು. ತೆಗೆದೆ. ಮೊದಲ ದಿನವೇ ನೀನು ಅಂಗಡಿಯ ಹೊಸ್ತಿಲ ಮೇಲೆ ಬಿದ್ದು ಗದ್ದ ಸೀಳಿಕೊಂಡೆ. ಅಷ್ಟು ರಕ್ತವನ್ನು ನಾನು ನೋಡಿರಲಿಲ್ಲ. ಅವತ್ತು ಸಂಜೆ ಬೀಗ ಮತ್ತೆ ತೆರೆಯದಂತೆ ಅದರ ಒಳಮೈಯಿಂದ ಒಂದು ರಿವೆಟ್ ಮೊಳೆ ಹೊಡೆದು, ಕಾಣದ ಹಾಗೆ ಅರದಿಂದ ಉಜ್ಜಿಬಿಟ್ಟೆ. ಬೀಗ ಕೆಟ್ಟಿದೆ, ಹೊಸದು ಬರಬೇಕು ಎಂದು ನಿನಗೆ ಹೇಳಿದೆ. ಎಲ್ಲಿಂದ ಬರಬೇಕಿತ್ತು? ಬೀಗ ಮಾಡುವವಳು ನಾನೇ ಅಲ್ಲವೇ. ನಿನ್ನಪ್ಪ, “ನಡೆಯೋರು ಎಡವದೆ ಕೂತೋರು ಎಡವ್ತಾರಾ?” ಎಂದು ಜಗಳಕ್ಕೆ ಬಂದರು. ಅವರ ಬಾಯಿಯನ್ನೂ ಮುಚ್ಚಿಸಿದೆ. ಮೂರು ವರ್ಷ. ಆಮೇಲೆ ಡಾಕ್ಟರು ಕಾಲನ್ನು ಮುಟ್ಟಿ ನೋಡಿ, ಕಲಿಯುವ ಕಾಲ ಮುಗಿಯಿತು ಅಂದರು. ನಿನಗೆ ಹೇಳಬೇಡಿ ಎಂದು ಅವರ ಕೈ ಹಿಡಿದುಕೊಂಡೆ.

ಬಿದ್ದರೆ ನೀನು ಸಾಯುತ್ತಿರಲಿಲ್ಲ. ನನಗೆ ನೋಡಲಾಗಲಿಲ್ಲ, ಅಷ್ಟೇ. ತಪ್ಪು ನನ್ನದು.

ಅಮ್ಮ


ಆಗಸ್ಟ್ ೧೯

ಗಿರಗಿಟ್ಲೆ,

ಪಟ್ಟಿ ಹೊಲಿದು ಕಳಿಸಿದ್ದೇನೆ. ಕರುವಿನ ತೊಗಲು, ಕಂಕುಳಲ್ಲಿ ಉಜ್ಜುವುದಿಲ್ಲ. ಕಾಗದ ಬರೆಯಲು ಮನಸ್ಸಿಲ್ಲದಿದ್ದರೆ ಬರೆಯಬೇಡ. ಪಟ್ಟಿಯನ್ನು ಮಾತ್ರ ಹಾಕಿಕೋ.

ಅಮ್ಮ


ಸೆಪ್ಟೆಂಬರ್ ೧೧

ಅಮ್ಮಾ,

ನನಗೆ ಕೋಪ ಬಂದಿದೆ. ಇದನ್ನು ಮೊದಲು ಬರೆದುಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಸುಳ್ಳಾಗುತ್ತದೆ. ಆ ಮೂರು ವರ್ಷ ದಿನಾ ಬೆಳಗ್ಗೆ “ಹೊಸ ಬೀಗ ಬಂತಾ?” ಎಂದು ನಿನ್ನನ್ನು ಕೇಳುತ್ತಿದ್ದೆ. ನೀನು ಕತ್ತರಿಸುತ್ತಿದ್ದ ತೊಗಲಿನಿಂದ ಕಣ್ಣೆತ್ತದೆ “ಇನ್ನೂ ಇಲ್ಲ ಪುಟ್ಟಾ” ಅನ್ನುತ್ತಿದ್ದೆ. ನಿನ್ನ ಕಾಗದ ಓದಿ ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟೆ. ಎರಡು ತಿಂಗಳು ನಿನಗೆ ಒಂದಕ್ಷರ ಬರೆಯಲು ಕೈ ಬರಲಿಲ್ಲ. ಪೊಟ್ಟಣ ಬಂದಾಗಲೂ ಹನ್ನೊಂದು ದಿನ ಬಿಚ್ಚಲಿಲ್ಲ.

ಬಿಚ್ಚಿದವನು ಅಪಶಕುನ. “ನಿನ್ನ ಸಿಟ್ಟು ಪಟ್ಟಿ ಮೇಲೆ ಯಾಕೆ? ಹಾಕ್ಕೊಂಡು ಸಿಟ್ಟು ಮಾಡ್ಕೋ” ಅಂದ. ಹಾಕಿಕೊಂಡೆ. ನೀನು ಅಳತೆ ಕೇಳಿರಲಿಲ್ಲ, ನನ್ನನ್ನು ನೋಡಿ ಎರಡು ವರ್ಷವಾಗಿದೆ. ಮೊದಲ ತೂತಿಗೇ ಕೊಕ್ಕೆ ಕೂತಿತು. ಸಡಿಲವಿಲ್ಲ, ಬಿಗಿಯಿಲ್ಲ.

ನಡೆದೆ. ಭುಜ ಹಿಂದೆ ಹೋಯಿತು, ದಾರ ಎಳೆಯಿತು, ಹಾಳೆ ಗಟ್ಟಿಯಾಯಿತು, ಆಮೇಲೆ ಹಿಮ್ಮಡಿ ನೆಲಕ್ಕೆ ಬಂತು. ಭುಜ ಸಡಿಲಾದಾಗ ಮಂಡಿ ಮಡಚಿ ಕಾಲು ತಾನಾಗಿ ಮುಂದೆ ಬಂತು. ಮೋಟರಿಲ್ಲ, ಬ್ಯಾಟರಿಯಿಲ್ಲ. ಕಾರಿಡಾರಿನ ಈ ತುದಿಯಿಂದ ಆ ತುದಿಗೆ ಹೋದೆ, ಬಂದೆ, ಹೋದೆ. ಇಪ್ಪತ್ತೇಳು ಸಲ! ಅಪಶಕುನ ಪಕ್ಕದಲ್ಲಿ ಹಿಂದುಹಿಂದಕ್ಕೆ ನಡೆಯುತ್ತ ಎಣಿಸುತ್ತ, ಕಸದ ಡಬ್ಬಿಗೆ ಡಿಕ್ಕಿ ಹೊಡೆದು ಬಿದ್ದ. ಬಿದ್ದದ್ದು ಅವನೊಬ್ಬನೇ. ಟಣಟಣ ಸದ್ದೇ ಇಲ್ಲ, ಅಮ್ಮ. ನಾನು ಹಿಂದಿನಿಂದ ಬಂದರೆ ಈಗ ಯಾರಿಗೂ ಗೊತ್ತಾಗುವುದಿಲ್ಲ, ಮೂವರನ್ನು ಬೆಚ್ಚಿಬೀಳಿಸಿದ್ದೇನೆ.

ಕೋಪ ಇಳಿದಿದೆ ಎಂದುಕೊಳ್ಳಬೇಡ. ಕೋಪವೂ ಇದೆ, ಸಂತೋಷವೂ ಇದೆ, ಎರಡನ್ನೂ ಹೊತ್ತುಕೊಂಡು ನಡೆಯುತ್ತಿದ್ದೇನೆ. ನವೆಂಬರ್ ಇಪ್ಪತ್ತಕ್ಕೆ ನೀನು ಬರಬೇಡ. ನೀನು ನೋಡುತ್ತಿದ್ದರೆ ನಾನು ಬೀಳಬಾರದು ಎಂದು ನಡೆಯುತ್ತೇನೆ. ಇಳಿಯಬೇಕು ಎಂದು ನಡೆಯುವುದೇ ಬೇರೆ.

ಗಿರಗಿಟ್ಲೆ


ನವೆಂಬರ್ ೨೧

ಅಮ್ಮಾ,

ಇಳಿದೆ! ಹನ್ನೊಂದೂ ಇಳಿದೆ!

ಫೋನ್ ಮಾಡಬೇಕೆಂದು ಎರಡು ಸಲ ಕೈಗೆತ್ತಿಕೊಂಡೆ. ಆದರೆ ಇದನ್ನು ಒಂದೇ ಉಸಿರಿನಲ್ಲಿ ಹೇಳಿದರೆ ನೀನು ನಡುವಿನ ಒಂದೇ ಮಾತನ್ನು ಹಿಡಿದುಕೊಂಡು ಉಳಿದದ್ದನ್ನು ಕೇಳುವುದಿಲ್ಲ. ಅದಕ್ಕೇ ಕಾಗದ. ಪೂರ್ತಿ ಓದು.

ಪರೀಕ್ಷಕರು ಮೂವರು, ಕೆಳಗೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಸುತ್ತ ಇಡೀ ಮಹಡಿಯ ಜನ. ಒಂದು, ಎರಡು, ಮೂರು, ಬೆಣ್ಣೆಯಂತೆ ಇಳಿಯಿತು. ಎಡಮಂಡಿ ಬಾಗಿ, ಭಾರ ಹೊತ್ತು, ಬಲಗಾಲನ್ನು ಕೆಳಗಿನ ಮೆಟ್ಟಿಲಿಗೆ ಇಳಿಸಿ ಕೊಡುತ್ತಿತ್ತು. ಆರನೆಯದಕ್ಕೆ ಯಾರೋ ತಡೆಯಲಾರದೆ ಚಪ್ಪಾಳೆ ತಟ್ಟಿದರು. ನಾನು ದೊಡ್ಡ ರಾಣಿಯ ಹಾಗೆ ತಿರುಗಿ ನೋಡಿದೆ. ತಿರುಗಿದಾಗ ಬಲಭುಜ ಮುಂದೆ ಬಂತು, ಪಟ್ಟಿ ಸಡಿಲವಾಯಿತು, ಹಾಳೆ ಟವೆಲ್ಲಾಯಿತು. ಏಳನೆಯದರ ಮೇಲೆ ಕೂತ ಹಾಗೆ ಬಿದ್ದೆ. ಮೊಣಕೈ ತರಚಿದೆ, ಅಷ್ಟೇ. ಪೂರ್ತಿ ಓದು ಎಂದೆನಲ್ಲ!

ಅಪಶಕುನ ನಾಲ್ಕು ಮೆಟ್ಟಿಲು ಹಾರಿ ಬಂದ. “ಯಾರೂ ಮುಟ್ಟಬೇಡಿ” ಎಂದು ಕಿರುಚಿದೆ. ಎಲ್ಲರೂ ನಿಂತರು. ಕ್ಯಾಲಿಪರಿನಲ್ಲಿ ಬಿದ್ದಾಗ ಏನಾಗುತ್ತಿತ್ತು ನೆನಪು ಮಾಡಿಕೋ. ಕಾಲು ಕೋಲಿನ ಹಾಗೆ ಚಾಚಿಕೊಂಡು, ಯಾರಾದರೂ ಕಂಕುಳಿಗೆ ಕೈಹಾಕಿ ಎತ್ತುವವರೆಗೆ ನಾನು ಕಾಯಬೇಕಿತ್ತು. ಇಪ್ಪತ್ತಾರು ವರ್ಷ ಹಾಗೇ ಕಾದಿದ್ದೇನೆ. ನಿನ್ನೆ ಎಡಮಂಡಿ ಮಡಚಿದೆ, ಪಾದವನ್ನು ಹತ್ತಿರಕ್ಕೆ ಎಳೆದುಕೊಂಡೆ, ಭುಜ ಹಿಂದೆ ತಳ್ಳಿದೆ. ಹಾಳೆ ಇಷ್ಟಿಷ್ಟೇ ಗಟ್ಟಿಯಾಗುತ್ತ ನನ್ನನ್ನು ಮೇಲಕ್ಕೆ ಒತ್ತಿತು. ಎದ್ದು ನಿಂತೆ. ನನ್ನ ಜೀವನದಲ್ಲಿ ಮೊದಲ ಸಲ ನಾನಾಗಿಯೇ ಎದ್ದೆ, ಅಮ್ಮ. ಉಳಿದ ನಾಲ್ಕನ್ನು ಹೇಗೆ ಇಳಿದೆನೋ ನೆನಪೇ ಇಲ್ಲ.

ಪರೀಕ್ಷಕರು ಪಿಸುಪಿಸು ಮಾತಾಡಿಕೊಂಡರು. ಅವರಲ್ಲಿ ಹಿರಿಯರು, “ಯಾರ ಕೈಯೂ ತಾಕಿಲ್ಲ. ಬಿದ್ದದ್ದನ್ನು ಬರೀಬೇಕಾ, ಬಿಡಬೇಕಾ?” ಎಂದು ನನ್ನನ್ನೇ ಕೇಳಿದರು. “ಬರೀರಿ. ಎದ್ದದ್ದನ್ನೂ ಬರೀರಿ” ಅಂದೆ. ಅನುಮತಿ ಸಿಕ್ಕಿತು.

ಈಗ ನಿನ್ನ ಕೆಲಸ. ಆರು ಮಕ್ಕಳು, ಆರು ಥರದ ನಡಿಗೆ. ಒಬ್ಬಳಿಗೆ ಹೆಜ್ಜೆಗೆ ಮೊದಲು ಸೊಂಟ ಏಳಬಹುದು, ಇನ್ನೊಬ್ಬನಿಗೆ ತಲೆ ವಾಲಬಹುದು. ಪ್ರತಿಯೊಬ್ಬರ ಮೈ ಮುಂಚೆ ಏನು ಹೇಳುತ್ತದೆ ಎಂದು ಕಂಡುಹಿಡಿಯದೆ ಪಟ್ಟಿ ಕಟ್ಟಲಾಗುವುದಿಲ್ಲ. ನಮ್ಮ ಕ್ಯಾಮೆರಾಗಳಿಗೆ ಅದು ತಿಳಿಯಲಿಲ್ಲ. ನೋಡಲು ಬರುವವರು ಬೇಕು. ಬಂದು ನೋಡು.

ಇನ್ನೊಂದಿದೆ. ಆರು ತಾಯಂದಿರೂ ಇವತ್ತು ಬಂದಿದ್ದರು. ಆರು ಜನರೂ ಕೇಳಿದ್ದು ಒಂದೇ ಮಾತು, “ಬೀಳಲ್ಲ ತಾನೆ?” ನಾನು ನಲವತ್ತೊಂದು ಪಟ್ಟು, ಎರಡು ಲಕ್ಷ ಸಲ ಎಂದೆಲ್ಲ ಹೇಳಿದೆ. ಅವರು ಕೇಳಿದ್ದಕ್ಕೆ ಅದು ಉತ್ತರವಲ್ಲ ಎಂದು ಅವರ ಮುಖದಲ್ಲೇ ಕಂಡಿತು.

ನಿನ್ನ ಗಿರಗಿಟ್ಲೆ


ನವೆಂಬರ್ ೨೭

ಗಿರಗಿಟ್ಲೆ,

ಪೂರ್ತಿ ಓದಿದೆ. ಏಳನೇ ಮೆಟ್ಟಿಲಿನಲ್ಲಿ ಕಾಗದ ಮಡಚಿಟ್ಟು ಅಂಗಡಿಯ ಹೊರಗೆ ಹೋಗಿ ನಿಂತೆ. ನಿನ್ನಪ್ಪ, “ಎದ್ದಿದ್ದಾಳೆ ಕಣೇ, ಮುಂದೆ ಓದು” ಎಂದು ಒಳಗಿನಿಂದ ಕೂಗಿದರು. ಅವರು ಕಳ್ಳತನದಿಂದ ಮೊದಲೇ ಓದಿದ್ದರು.

ಶುಕ್ರವಾರ ಬರುತ್ತೇನೆ. ಆರು ಮಕ್ಕಳೂ ಬರಿಗಾಲಿನಲ್ಲಿ, ಉದ್ದನೆಯ ಓಣಿಯಲ್ಲಿ, ಒಬ್ಬೊಬ್ಬರಾಗಿ ನಡೆಯಲಿ. ಯಾರೂ ಅವಸರ ಮಾಡಬಾರದು. ನಾನು ಹಿಂದಿನಿಂದ ನೋಡುತ್ತೇನೆ.

ಆ ತಾಯಂದಿರಿಗೆ ನಾನು ಬರುವವರೆಗೆ ನೀನು ಏನೂ ಹೇಳಬೇಡ. ಮೊದಲು ಅವರನ್ನು ನನ್ನ ಎದುರು ಕೂರಿಸು, ನೀನೂ ಅಲ್ಲೇ ಕೂತಿರು. ನಾನು ಮಾಡಿದ್ದನ್ನು ಅವರಿಗೆ ಹೇಳುತ್ತೇನೆ, ರಿವೆಟ್ ಹೊಡೆದದ್ದು, ಉಜ್ಜಿದ್ದು, ಮೂರು ವರ್ಷ ಸುಳ್ಳಾಡಿದ್ದು, ಎಲ್ಲ. ಆಮೇಲೆ ಅವರು ಕೇಳಲಿ, ಬೀಳಲ್ಲ ತಾನೆ ಎಂದು. ಬೀಳ್ತಾರೆ, ಅನ್ನುತ್ತೇನೆ.

ಅಮ್ಮ